ಅರವತ್ತೆಂಟೋ, ಎಂಬತ್ತಾರೋ?

ಬಬಲೇಶ್ವರದ ಬಸ್ ನಿಲ್ದಾಣದ ಹತ್ತಿರ ಹೀರಾಬಾಯಿಯವರ ರಕ್ತ ತಪಾಸಣೆಯ ಲ್ಯಾಬ್ ಇದೆ. ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿದ್ದಾರೆ. ಸೂಜಿ ಚುಚ್ಚಿದ್ದು ಮಕ್ಕಳಿಗೂ ಗೊತ್ತಾಗದಂಥ ಕೈ ಅವರದು. ಆದರೆ ಮೇಜಿನ ಮೇಲಿನ ಕಂಪ್ಯೂಟರ್ ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿ.

ದಿನವೂ ಪರದೆಯ ಮೂಲೆಯಲ್ಲಿ ‘ಅಪ್‌ಡೇಟ್ ಬಂದಿದೆ’ ಎಂಬ ಸೂಚನೆ. ದಿನವೂ ಹೀರಾಬಾಯಿ ‘ಆಮೇಲೆ’ ಒತ್ತುತ್ತಿದ್ದರು. ಹಾಗೇ ಒತ್ತುತ್ತ ಒತ್ತುತ್ತ ವಾರಗಳು ಕಳೆದವು. ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಬೆಂಚಿನ ತುಂಬ ಜನ ಕೂತಿರುವಾಗ, ಕಂಪ್ಯೂಟರ್ ತಾನೇ ಬಂದ್ ಆಗಿ ಅಪ್‌ಡೇಟ್ ಹಾಕಿಕೊಳ್ಳತೊಡಗಿತು. ಶೇಕಡಾ ಮೂವತ್ತೈದಕ್ಕೆ ನಿಂತದ್ದು ಮುಕ್ಕಾಲು ತಾಸು ಅಲ್ಲಾಡಲಿಲ್ಲ. ರಕ್ತಕಣ ಎಣಿಸುವ ಯಂತ್ರದ ಅಂಕಿಗಳು ಕಂಪ್ಯೂಟರಿನಲ್ಲೇ ಬರುವುದರಿಂದ ಕೆಲಸವೂ ನಿಂತಿತು.

“ಇದಕ್ಕ ಮಂದಿ ಕುಂತಾರನ್ನೂ ಖಬರ್ ಆದ್ರೂ ಐತೇನು?” ಎಂದು ಹೀರಾಬಾಯಿ ಹಣೆ ಬಡಿದುಕೊಂಡರು.

ಅದೇ ವಾರ ತಿಕೋಟಾದಲ್ಲಿ ಲ್ಯಾಬ್ ನಡೆಸುವ ಶ್ರೀಮಂತ ಫೋನ್ ಮಾಡಿದ. “ಅಕ್ಕಾರ, ದೊಡ್ಡ ಅಪ್‌ಡೇಟ್ ಹಾಕಿದ್ನಿರಿ, ಪ್ರಿಂಟರ್ ಬಂದ್ ಬಿತ್ತು. ಎರಡ ದಿನಾ ಕೈಲೇ ರಿಪೋರ್ಟ್ ಬರದೇನಿ.”

ಹೀರಾಬಾಯಿಗೆ ಅಷ್ಟು ಸಾಕಾಯಿತು. ರಿಪೇರಿಯವನನ್ನು ಕರೆಸಿ ಅಪ್‌ಡೇಟ್ ಎನ್ನುವುದೇ ಬಾರದಂತೆ ಮಾಡಿಸಿಬಿಟ್ಟರು.

ಅವರ ಅಕ್ಕನ ಮಗಳು ಸಂಪದಾ ವಿಜಯಪುರದ ಜಲನಗರದಲ್ಲಿದ್ದಾಳೆ. ಒಂದು ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ಅವಳ ಕೆಲಸ. ವಿಷಯ ಕೇಳಿ ಫೋನಿನಲ್ಲೇ ಸಿಡುಕಿದಳು. “ಚಿಗವ್ವಾ, ಹಂಗ ಮಾಡಬ್ಯಾಡ ಬೇ. ಭಾಳ ದಿವಸ ನಡಿಯೂದಿಲ್ಲ ಅದು.”

“ನಡ್ಯಾಕತ್ತೈತಿ ಬಿಡ. ನನಗ ಶಾಂತಿ ಐತಿ.”

ಆ ಶಾಂತಿ ಐದು ತಿಂಗಳು ಇತ್ತು.

ಜೈನಾಪುರದ ಕಾಳವ್ವನಿಗೆ ಡೆಂಗಿ ಜ್ವರ ಬಂದಿತ್ತು. ರಕ್ತದ ಪ್ಲೇಟ್‌ಲೆಟ್ ದಿನವೂ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಬುಧವಾರ ಸಂಜೆ ರಿಪೋರ್ಟ್ ಬರುವಷ್ಟರಲ್ಲಿ ಡಾಕ್ಟರು ಮನೆಗೆ ಹೋಗಿದ್ದರು. ಗಂಡ ಅಮರಪ್ಪ ಆ ಹಾಳೆಯನ್ನು ಅಂಗಿಯ ಕಿಸೆಯಲ್ಲಿಟ್ಟ. ಅಂಗಿ ಬೆಳಗಾದರೆ ನೀರಿಗೆ ಬಿತ್ತು.

ಗುರುವಾರ ಕಾಳವ್ವನಿಗೆ ಜ್ವರ ಇಳಿದಿತ್ತು, ಆದರೆ ಹೊಟ್ಟೆ ನೋವೆಂದು ದವಾಖಾನೆಯಲ್ಲಿ ಮುದುಡಿ ಕೂತಿದ್ದಳು. “ನಿನ್ನೆ ಎಷ್ಟಿತ್ತು? ಈಗ ಎಷ್ಟೈತಿ? ಎರಡೂ ತಂದು ತೋರಸು,” ಎಂದರು ಡಾಕ್ಟರು. ಅಮರಪ್ಪ ಲ್ಯಾಬಿಗೆ ಓಡಿ ಬಂದ.

“ಬಾಯಾರ, ನಿನ್ನಿ ಕಾಗದಾ ಅಂಗಿ ಜೋಡಿ ತೊಳದ ಹೋತ್ರಿ. ಇನ್ನೊಂದ ತಗದ ಕೊಡ್ರಿ.”

ಹೀರಾಬಾಯಿ ಕಂಪ್ಯೂಟರ್ ಚಾಲೂ ಮಾಡಿದರು. ಪರದೆ ಕೆಂಪಾಗಿ ನಿಂತಿತು. ‘ನಿಮ್ಮ ಎಲ್ಲ ಕಡತಗಳಿಗೆ ಬೀಗ ಬಿದ್ದಿದೆ. ತೆಗೆಯಬೇಕಾದರೆ ಹಣ ಕೊಡಬೇಕು, ನಮ್ಮನ್ನು ಸಂಪರ್ಕಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವರು ಆರಿಸಿ ಹಚ್ಚಿದರು. ಮತ್ತೆ ಅದೇ ಕೆಂಪು. ಮೂರು ವರ್ಷದ ರಿಪೋರ್ಟ್‌ಗಳಲ್ಲಿ ಒಂದೂ ತೆರೆಯಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಕೈಬರಹದ ವಹಿಯನ್ನೂ ಅವರು ಬಿಟ್ಟಿದ್ದರು.

“ನಿಮಗ ನೆನಪ ಐತೇನ್ರಿ?” ಅಮರಪ್ಪ ಕೇಳಿದ.

ನೆನಪಿತ್ತು. ಆದರೆ ಅರವತ್ತೆಂಟು ಸಾವಿರವೋ, ಎಂಬತ್ತಾರು ಸಾವಿರವೋ? ಹೀರಾಬಾಯಿ ಕಣ್ಣು ಮುಚ್ಚಿದರೆ ಎರಡೂ ಅಂಕಿ ಕಾಣುತ್ತಿದ್ದವು. ನಿನ್ನೆ ಒಟ್ಟು ಇಪ್ಪತ್ತು ಜನರ ರಕ್ತ ನೋಡಿದ್ದರು.

ಯಂತ್ರ ನಡೆಯುವಂತಿರಲಿಲ್ಲ. ದವಾಖಾನೆಗೆ ಹೋಗಿ ಕಾಳವ್ವನ ರಕ್ತ ತೆಗೆದುಕೊಂಡು ಬಂದು, ಕಪಾಟಿನಿಂದ ಹಳೆಯ ಸೂಕ್ಷ್ಮದರ್ಶಕ ಇಳಿಸಿ, ಒಂದೊಂದೇ ಕಣ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಅರವತ್ತನಾಲ್ಕು ಸಾವಿರ. ತಾವೇ ಹೋಗಿ ಡಾಕ್ಟರಿಗೆ ಅದನ್ನೂ ನಿನ್ನೆಯ ಎರಡು ಅಂಕಿಗಳ ಗೊಂದಲವನ್ನೂ ಹೇಳಿದರು.

“ನಿನ್ನೆ ಅರವತ್ತೆಂಟಿದ್ರ ಇಲ್ಲೇ ಇಟ್ಕೊಂಡ ನೋಡಬಹುದಿತ್ತು. ಎಂಬತ್ತಾರಿದ್ರ ಭರಭರ ಇಳ್ಯಾಕತ್ತೈತಿ ಅಂತ ಅರ್ಥ,” ಎಂದರು ಡಾಕ್ಟರು. “ಯಾವುದ್ರಿ ಹೀರಾಬಾಯಾರ?”

“ಗೊತ್ತಿಲ್ರಿ,” ಎಂದರು ಹೀರಾಬಾಯಿ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಅವರು ಆಡಿರಲಿಲ್ಲ.

ಡಾಕ್ಟರು ಧೈರ್ಯ ಮಾಡಲಿಲ್ಲ. ಕಾಳವ್ವನನ್ನು ವಿಜಯಪುರಕ್ಕೆ ಕಳಿಸಿದರು. ಆಂಬುಲೆನ್ಸ್ ಹತ್ತುವಾಗ ಅಮರಪ್ಪ ತಿರುಗಿ ನೋಡಿ, “ಅಲ್ರಿ ಬಾಯಾರ, ಬರದಿಟ್ಟದ್ದ ಹ್ಯಾಂಗ ಹೋಗತೈತ್ರಿ?” ಎಂದ. ಅವನು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹೀರಾಬಾಯಿಗೆ.

ಮಧ್ಯಾಹ್ನ ಸಂಪದಾ ಬಂದಳು. ಕಂಪ್ಯೂಟರ್ ಮುಂದೆ ಎರಡು ತಾಸು ಕೂತು, ತಲೆ ಅಲ್ಲಾಡಿಸಿದಳು.

“ಹಳೇ ರಿಪೋರ್ಟ್ ಹೋದುವು ಚಿಗವ್ವಾ. ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು. ಇಂಟರ್ನೆಟ್ಟಿನ್ಯಾಗಿಂದ ಕಳ್ಳರು ಬಂದ ಕಿಂಡಿ ಯಾವುದು ಗೊತ್ತೇನು? ಅದನ್ನ ಮುಚ್ಚೂ ತ್ಯಾಪಿ, ಅಂದ್ರ ಅಪ್‌ಡೇಟ್, ನಾಕ ತಿಂಗಳ ಹಿಂದನ ಬಂದಿತ್ತು. ನಿನ್ನ ಕಂಪ್ಯೂಟರಿಗೆ ಅದು ಮುಟ್ಟಲೇ ಇಲ್ಲ.”

“ಮುಟ್ಟಿದ್ರ ನನ್ನ ಕೆಲಸಾ ನಿಲ್ಲತಿತ್ತಲ್ಲ!” ಹೀರಾಬಾಯಿಯ ಸಿಟ್ಟು ಕಟ್ಟೆ ಒಡೆಯಿತು. “ಹಾಕಿದ್ರ ಶ್ರೀಮಂತನ ಪ್ರಿಂಟರ್ ಹೋಗತೈತಿ, ಹಾಕದಿದ್ರ ನನ್ನ ರಿಪೋರ್ಟ್ ಹೋಗತಾವ. ಏನ್ ಮಾಡ್ಲಿ ಹೇಳ ನೀನ!”

“ಯಾವಾಗ ಹಾಕಬೇಕು ಅನ್ನೂದನ್ನ ನೀನ ಠರಾಯಿಸು ಅಂತ ಹೇಳಾಕತ್ತೇನಿ,” ಸಂಪದಾಳ ದನಿಯೂ ಏರಿತು. “ಬೇಕಾದಾಗ ಬಂದು ಕುಂದ್ರಾಕ ಅದೇನ ನಿನ್ನ ಬೀಗರೇನು? ಲ್ಯಾಬಿಗೆ ರವಿವಾರ ಮಧ್ಯಾಹ್ನ ಸೂಟಿ ಅಲ್ಲ? ಆವಾಗ ಹಾಕು.”

“ಶ್ರೀಮಂತಂದು ಕೆಟ್ಟಿದ್ದು ಸುಳ್ಳೇನು?”

“ಸುಳ್ಳಲ್ಲ. ಅಂವಾ ಹಾಕಿದ್ದು ದೊಡ್ಡ ಬದಲಾವಣೆ, ಪೂರಾ ಹೊಸ ಆವೃತ್ತಿ. ಅದಕ್ಕ ಅವಸರ ಬ್ಯಾಡ. ಯಂತ್ರದ ಕಂಪನಿಯವರಿಗೆ ಫೋನ್ ಹಚ್ಚಿ, ‘ನಿಮ್ಮ ಯಂತ್ರ ಇದರಾಗ ನಡೀತೈತೇನ್ರಿ’ ಅಂತ ಕೇಳಿ, ಆಮ್ಯಾಲೆ ಹಾಕು. ತಿಂಗಳಾ ತಿಂಗಳಾ ಎರಡನೇ ಮಂಗಳವಾರದ ಸುಮಾರಿಗೆ ಬರೂ ಸಣ್ಣ ಸುರಕ್ಷಾ ತ್ಯಾಪಿ ಬ್ಯಾರೆ. ಎರಡ ಮೂರ ದಿನಾ ಬಿಟ್ಟು, ಯಾರಿಗೂ ತೊಂದ್ರಿ ಆಗಿಲ್ಲಂತ ನೋಡ್ಕೊಂಡು, ವಾರದೊಳಗ ಹಾಕಿಬಿಡಬೇಕು. ಕಳ್ಳರು ಆಗಲೇ ಆ ಕಿಂಡಿಯೊಳಗ ನುಗ್ಗ್ಯಾರ ಅಂತ ಸುದ್ದಿ ಬಂದ್ರ ಅವತ್ತ ಹಾಕಬೇಕು.”

“ಹಾಕಿದ ಮ್ಯಾಲೆ ಕೆಟ್ರ?”

“ಅದಕ್ಕ ಹಾಕೂಕಿಂತ ಮೊದಲ ಎಲ್ಲಾ ರಿಪೋರ್ಟ್ ಬ್ಯಾರೆ ಡಿಸ್ಕಿಗೆ ನಕಲ್ ಮಾಡು. ಮಾಡಿ ಡಿಸ್ಕ್ ಬಿಚ್ಚಿ ಕಪಾಟಿನ್ಯಾಗ ಇಡು. ಹಚ್ಚೇ ಇಟ್ರ ಅದಕ್ಕೂ ಬೀಗ ಬೀಳತೈತಿ.”

ಹೀರಾಬಾಯಿ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ಪ್ರತಿ ತಿಂಗಳ ಎರಡನೆಯ ಮಂಗಳವಾರ ಕಳೆದು ಬರುವ ರವಿವಾರಕ್ಕೆ ಪೆನ್ನಿನಿಂದ ಗುಂಡು ಸುತ್ತಿದರು. “ಇಷ್ಟಕ್ಕ ಇಷ್ಟ ರಂಪ ಆತಲ್ಲ,” ಎಂದು ತಮ್ಮನ್ನೇ ಬೈದುಕೊಂಡರು.

ಕಾಳವ್ವ ಐದು ದಿನಕ್ಕೆ ಗುಣವಾಗಿ ಮನೆಗೆ ಬಂದಳು. ಬುಧವಾರದ ಅಂಕಿ ಯಾವುದೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಗುಂಡು ಸುತ್ತಿದ ಮೊದಲ ರವಿವಾರ ಹೀರಾಬಾಯಿ ನಕಲು ತೆಗೆದು, ಕರೆಂಟು ಹೋದರೆ ಕಂಪ್ಯೂಟರ್ ನಡೆಸುವ ಬ್ಯಾಟರಿ ತುಂಬಿದೆಯೇ ನೋಡಿ, ಅಪ್‌ಡೇಟ್ ಹಚ್ಚಿ ಊಟಕ್ಕೆ ಕೂತರು. ತಟ್ಟೆ ತೊಳೆಯುವಷ್ಟರಲ್ಲಿ ಮುಗಿದಿತ್ತು. ಯಂತ್ರ ನಡೆಸಿ, ಒಂದು ಹಾಳೆ ಛಾಪಿಸಿ ನೋಡಿ, ಸಂಪದಾಳಿಗೆ ಫೋನ್ ಮಾಡಿದರು. “ಆತ ನೋಡವಾ. ಏನೂ ಕೆಟ್ಟಿಲ್ಲ.” ಆಮೇಲೆ ತಿಕೋಟಾದ ಶ್ರೀಮಂತನಿಗೂ ಫೋನ್ ಮಾಡಿ, ಅರ್ಧ ತಾಸು ಅವನ ತಲೆ ತಿಂದರು.

ಅಂಗಡಿ, ದವಾಖಾನೆ, ಶಾಲೆ, ಸಂಘ ನಡೆಸುವವರೇ, ನಿಮ್ಮ ಕಂಪ್ಯೂಟರಿಗೂ ಫೋನಿಗೂ ಇದೇ ಮಾತು. ಅಪ್‌ಡೇಟನ್ನು ಸೆಟ್ಟಿಂಗ್ಸ್ ಒಳಗಿಂದಲೇ ಹಾಕಿ. ‘ಕೂಡಲೇ ಅಪ್‌ಡೇಟ್ ಮಾಡಿ’ ಎಂದು ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಅಪ್‌ಡೇಟ್ ಮುಗಿಯುವ ಮುನ್ನ ಸ್ವಿಚ್ ಆರಿಸಬೇಡಿ. ನಿಮ್ಮ ಕೆಲಸ ಯಾವಾಗ ಬಿಡುವಾಗುತ್ತದೆ ಎಂಬುದು ನಿಮಗೇ ಗೊತ್ತು. ಆ ವೇಳೆಯನ್ನು ಇವತ್ತೇ ಬರೆದಿಡಿ. ನೀವು ಗೊತ್ತು ಮಾಡದಿದ್ದರೆ ಆ ವೇಳೆಯನ್ನು ಕಂಪ್ಯೂಟರ್ ಗೊತ್ತು ಮಾಡುತ್ತದೆ, ಇಲ್ಲವೇ ಕಳ್ಳ ಗೊತ್ತು ಮಾಡುತ್ತಾನೆ.