ಅಕ್ಕನ ಲಾಂಡ್ರಿಗೆ ನಾನು ಹಾಕಿದ ಬ್ರೇಕರ್

ಅಕ್ಕನ ಹಳೆಯ ಲಾಂಡ್ರಿ ಸುಟ್ಟುಹೋದದ್ದು ವೈರಿಂಗಿನ ದೆಸೆಯಿಂದ. ಆ ಕೆಲಸ ನನ್ನದಲ್ಲ, ಬೇರೆ ಯಾರದೋ. ಇದನ್ನು ನಾನು ಊರಿಗೆಲ್ಲ ಡಂಗುರ ಸಾರಿದ್ದೆ. ಅಂದಿನಿಂದ ಅಕ್ಕನಿಗೆ ಎಲ್ಲಿ ಹೋದರೂ ಸುಟ್ಟ ವಾಸನೆ ಬಂದಂತಾಗಿ ಗೋಡೆ ಮೂಸುವ ಅಭ್ಯಾಸ. ಹೊಸ ಅಂಗಡಿಗೆ ಜಾಗ ಹಿಡಿದಾಗ ನಾನು ಎದೆ ತಟ್ಟಿಕೊಂಡು ಹೇಳಿದೆ: "ಅಕ್ಕಾ, ಈ ಸಲ ಕರೆಂಟಿನ ಕೆಲಸ ನಂಗೆ ಬಿಡು. ಒಂದು ಕಿಡಿ ಹಾರಿದ್ರೂ ನನ್ನ ಕೇಳು."

ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಭಾವ ನನ್ನನ್ನು ಕರೆಯುವುದು ಪಂಡಿತ ಎಂದು. ಹೊಗಳಿಕೆ ಎಂದುಕೊಂಡು ಬಹಳ ವರ್ಷ ಖುಷಿಪಟ್ಟಿದ್ದೇನೆ.

ಅಕ್ಕ ಕೊಂಡಿದ್ದ ಒಗೆಯುವ ಯಂತ್ರಗಳು ಸೆಕೆಂಡ್ ಹ್ಯಾಂಡ್, ಕಡಿಮೆ ವೋಲ್ಟೇಜಿನವು. ಹಾಗಾಗಿ ನಡುವೆ ಒಂದು ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್ ಕೂರಿಸಿದೆ: ಎಣ್ಣೆಗಿಣ್ಣೆ ಇಲ್ಲದೆ ಗಾಳಿಗೇ ತಣ್ಣಗಾಗುವ, ಗಿಡ್ಡ ಬೀರುವಿನಂಥ ಪೆಟ್ಟಿಗೆ. ಪೂರ್ತಿ ದುಡಿದರೂ ಅದು ಎಳೆಯುವುದು ಅರವತ್ತು ಆಂಪಿಯರ್. ಕರೆಂಟು ಒಳಬರುವ ಕಡೆ, ಅಳತೆ ಮೀರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಅರವತ್ತಮೂರರ ಬ್ರೇಕರ್ ಹಾಕಿದೆ. ಬ್ರೇಕರ್ ಬಿಗಿಯಾದಷ್ಟೂ ಅಕ್ಕ ಕ್ಷೇಮ ಎಂಬುದು ನನ್ನ ಘನ ಲೆಕ್ಕಾಚಾರ.

ಅಂಗಡಿ ತೆರೆಯುವ ಬೆಳಿಗ್ಗೆ ಒಂದು ಹೋಟೆಲಿನ ಮ್ಯಾನೇಜರ್ ವ್ಯಾನಿನ ತುಂಬ ಬೆಡ್‌ಶೀಟು ಹೇರಿಕೊಂಡು ಬಂದರು. ಯಂತ್ರ ಓಡುವುದನ್ನು ಕಣ್ಣಾರೆ ಕಂಡರೆ ಇಡೀ ವರ್ಷದ ಕೆಲಸ ಅಕ್ಕನಿಗೆ. ಇಲ್ಲವೆಂದರೆ ಇಲ್ಲ.

ನಾನು ಒಂದು ಪುಟ್ಟ ಭಾಷಣ ಬಿಗಿದು ಬ್ರೇಕರ್ ಎತ್ತಿದೆ. ಢಪ್! ಬಿತ್ತು. ಮತ್ತೆ ಎತ್ತಿದೆ. ಮತ್ತೆ ಢಪ್. ಸಪ್ಲೈ ಸರಿಯಿಲ್ಲ ಎಂದೆ. ಯಂತ್ರ ಹಳೆಯದು ಎಂದೆ. ಕೊನೆಗೆ, "ಭಾವ, ನೀವು ಸ್ವಲ್ಪ ಗೋಡೆಗೆ ಒರಗ್ದೆ ನಿಂತ್ಕೊಳ್ಳಿ" ಎಂದೂ ಹೇಳಿಬಿಟ್ಟೆ.

"ನಾನೇನಪ್ಪಾ ಮಾಡ್ದೆ? ಯಂತ್ರಾನ ಇನ್ನೂ ಆನ್ ಮಾಡೇ ಇಲ್ವಲ್ಲ!" ಎಂದರು ಭಾವ.

ಅಯ್ಯೋ ಮಂಕೇ ಎಂದುಕೊಂಡೆ. ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಟ್ಟ ಮೊದಲ ಕ್ಷಣ ಅದು ಹತ್ತಾಳಿನ ಊಟವನ್ನು ಒಂದೇ ತುತ್ತಿಗೆ ನುಂಗುತ್ತದೆ, ಆಮೇಲೆ ತಣ್ಣಗೆ ಕೂರುತ್ತದೆ. ಅದು ದೋಷವಲ್ಲ, ಅದರ ಗುಣ. ಬಿಗಿ ಬ್ರೇಕರ್ ಅದನ್ನೇ ಶಾರ್ಟ್ ಸರ್ಕ್ಯೂಟ್ ಎಂದು ಗಾಬರಿಬಿದ್ದು ಕಳಚಿಕೊಳ್ಳುತ್ತದೆ. ಕೆಲಸ ಕಲಿಯಲು ಬಂದವರಿಗೆ ನಾನೇ ಇದನ್ನು ಮೀಸೆ ತಿರುವಿಕೊಂಡು ಹೇಳಿಕೊಡುತ್ತೇನೆ.

ನನ್ನ ಗಾಡಿಯಲ್ಲಿ ನೂರಿಪ್ಪತ್ತೈದರ ಬ್ರೇಕರ್ ಇತ್ತು. ಕೇಬಲ್ ಹೇಗೂ ದಪ್ಪದ್ದೇ. ಬದಲಾಯಿಸಿ ಎತ್ತಿದೆ. ನಿಂತಿತು! ಯಂತ್ರಗಳು ಬೆಡ್‌ಶೀಟು ತುಂಬಿಕೊಂಡು ಗರಗರ ತಿರುಗಿದವು. ಮ್ಯಾನೇಜರ್ ನನ್ನ ಕೈ ಕುಲುಕಿ, "ಪರವಾಗಿಲ್ರೀ, ಕೈಯಲ್ಲಿ ವಿದ್ಯೆ ಇದೆ" ಎಂದರು. ನಾನು ಉಬ್ಬಿಹೋದೆ.

ಆ ಉಬ್ಬು ಇಳಿಯಲು ಹೊತ್ತು ಹಿಡಿಯಲಿಲ್ಲ. ಒಳಬರುವ ಕಡೆ ದೊಡ್ಡ ಬ್ರೇಕರ್ ಹಾಕಬಹುದು, ತಪ್ಪಲ್ಲ. ಆದರೆ ಆಗ ಹೊರಹೋಗುವ ಕಡೆ, ಯಂತ್ರಗಳ ಪಾಲಿಗೆ, ಅಳತೆಗೆ ತಕ್ಕ ಇನ್ನೊಂದು ಇರಲೇಬೇಕು. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಹೊರಲಾರದ ಭಾರ ಹೊತ್ತು ಒಳಗೊಳಗೇ ಬೇಯುತ್ತಿದ್ದರೂ ದೊಡ್ಡ ಬ್ರೇಕರ್ ಗಡದ್ದಾಗಿ ನಿದ್ದೆ ಹೊಡೆಯುತ್ತದೆ. ಆ ಇನ್ನೊಂದು ಗಾಡಿಯಲ್ಲಿರಲಿಲ್ಲ. ನಾಳೆ ತಂದು ಹಾಕಿದರಾಯಿತು, ಯಾರಿಗೆ ಗೊತ್ತಾಗುತ್ತೆ ಎಂದು ಮನಸ್ಸು ವಕೀಲಿಕೆಗೆ ನಿಂತಿತು.

ಅಷ್ಟರಲ್ಲಿ ಅಕ್ಕ ಹೆದರುತ್ತ ಹೆದರುತ್ತ ಬಂದು ಆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

"ನೀನು ಮಾಡಿದ್ದಲ್ವಾ. ಇನ್ನು ನಂಗೆ ಭಯ ಇಲ್ಲ ಕಣೋ."

ಸೀದಾ ಹೋಗಿ ಬ್ರೇಕರ್ ಇಳಿಸಿದೆ. ಯಂತ್ರಗಳು ನಿಂತವು, ಎಲ್ಲರೂ ನನ್ನತ್ತ ತಿರುಗಿದರು.

"ತಪ್ಪು ನಂದು," ಎಂದೆ. ಈ ಮಾತು ಹೇಳಿ ನನಗೆ ಅಭ್ಯಾಸವಿರಲಿಲ್ಲ. "ಹೀಗೇ ಓಡಿಸಿದ್ರೆ ಒಂದಲ್ಲ ಒಂದಿನ ಬೆಂಕಿ ಹತ್ಬಹುದು. ಇನ್ನೊಂದು ಬ್ರೇಕರ್ ತರ್ಬೇಕು. ಸಂಜೆ ಆಗುತ್ತೆ."

ಬೆಂಕಿ ಎಂದದ್ದೇ ತಡ, ಮ್ಯಾನೇಜರ್ ಅರ್ಧ ನೆಂದ ಬೆಡ್‌ಶೀಟುಗಳನ್ನೂ ಬಿಡದೆ ವ್ಯಾನಿಗೆ ತುಂಬಿಸಿ ಹೊರಟೇಹೋದರು.

ಅಕ್ಕ ಸಿಡಿದಳು. "ಹುಟ್ಟಿದಾಗಿಂದ ಬರೀ ಬೊಗಳೆ ಬಿಟ್ಟೆ. ನಿಜ ಹೇಳೋಕೆ ಇವತ್ತೇ ಆಗ್ಬೇಕಿತ್ತೇನೋ ನಿಂಗೆ?" ಅಳುತ್ತ ಒಳಗೆ ಹೋದಳು. ನನಗೂ ಅಳು ಬಂತು, ಆದರೆ ಭಾವ ನೋಡುತ್ತಿದ್ದರು.

ಅಂಗಡಿ ಅಂಗಡಿ ಅಲೆದು ಬ್ರೇಕರ್ ತಂದು, ಬೆವರು ಸುರಿಸಿ ಹಾಕುವಷ್ಟರಲ್ಲಿ ಸಂಜೆಯೇ ಆಯಿತು. ಎರಡನ್ನೂ ಎತ್ತಿದೆ. ಎರಡೂ ನಿಂತವು. ಈ ಸಲ ಕೈ ಕುಲುಕುವವರಿರಲಿಲ್ಲ, ಒಗೆಯಲು ಬಟ್ಟೆಯೂ ಇರಲಿಲ್ಲ.

ಅಕ್ಕ ಈಚೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಂಗಿ ಬಿಚ್ಚು. ಗಬ್ಬು ನಾರ್ತಿದ್ದೀಯ."

"ಅಕ್ಕಾ..."

"ಬಿಚ್ಚೋ ಅಂದ್ರೆ!"

ಹತ್ತಾರು ಬೆಡ್‌ಶೀಟು ಹಿಡಿಸುವ ಯಂತ್ರದೊಳಗೆ ನನ್ನದೊಂದು ಅಂಗಿ ಒಂಟಿಯಾಗಿ ಸುತ್ತತೊಡಗಿತು. ಭಾವ ನಕ್ಕೂ ನಕ್ಕೂ ಕುರ್ಚಿ ಹಿಡಿದುಕೊಂಡರು. ಅಕ್ಕ ನಗಲಿಲ್ಲ. ಅಂಗಿ ಸುತ್ತುವುದನ್ನೇ ನೋಡುತ್ತ ನನ್ನ ಪಕ್ಕ ಕೂತಳು.

"ನಾಳೆ ಬೇರೆ ಹೋಟೆಲಿನೋರ ಹತ್ರ ಹೋಗ್ತೀನಿ," ಎಂದಳು. "ವೈರಿಂಗ್ ಯಾರದ್ದು ಅಂತ ಕೇಳೇ ಕೇಳ್ತಾರೆ. ಬಂದಿದ್ದ ಗಿರಾಕೀನ ಓಡಿಸಿ, ನನ್ನ ಅಂಗಡಿ ಉಳಿಸಿದ ತಮ್ಮಂದು ಅಂತೀನಿ."

ಬನಿಯನ್ನಿನಲ್ಲಿ ಕೂತಿದ್ದೆ. ಕಣ್ಣೊರೆಸಿಕೊಳ್ಳಲು ಅಂಗಿಯ ತೋಳೂ ಇರಲಿಲ್ಲ.