ಉಪ್ಪಿನ ಅಂದಾಜು

"ಇನ್ನೂ ಸ್ವಲ್ಪ ನೀರು ಹುಯ್ಯಿ," ಎಂದು ಮಗಳಿಗೆ ಹೇಳಿ, ಅವಳು ಗಂಡನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಿಂದ ಕೂದಲು ತೊಳೆದಳು. ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿಸಿದ್ದ ದೇಹದ ಹತ್ತಿರ ಮೂವರೇ ಇದ್ದರು: ಹೆಂಡತಿ, ಮಗಳು, ಸತ್ತವನ ಅಕ್ಕ. ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಹಾಗೇ ಒರಗಿಬಿಟ್ಟಿದ್ದ.

"ನೊರೇನೇ ಬರ್ತಿಲ್ವಲ್ಲೇ," ಎಂದರು ಅಕ್ಕ. "ಜೀವಮಾನವೆಲ್ಲ ಸೋಪಿನ ಕಾರ್ಖಾನೇಲಿ ದುಡಿದೋನಿಗೆ ಕೊನೆಗೊಂದು ಒಳ್ಳೆ ಸೋಪು ಸಿಗಲಿಲ್ವಾ?"

"ಇದು ಅವರೇ ಮಾಡಿದ್ದು ಅತ್ತಿಗೆ. ಇದಕ್ಕೆ ನೊರೆ ಕಮ್ಮಿ."

ಅಂಗಿಯ ತೋಳು ಬಿಚ್ಚಿದಾಗ ಮಗಳ ಕೈಯಲ್ಲಿದ್ದ ಮಗ್ಗು ಅಲ್ಲೇ ನಿಂತಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಳಿಚಿದ ಕಲೆಗಳು, ಒಂದರ ಪಕ್ಕ ಒಂದು. ಹಳೆಯವು ಚರ್ಮದಲ್ಲಿ ಬೆರೆತುಹೋಗಿದ್ದವು. ಒಂದೆರಡು ಮಾತ್ರ ಇನ್ನೂ ಕೆಂಪಗಿದ್ದವು.

ಸುಡುಬೇಸಿಗೆಯಲ್ಲೂ ಅಪ್ಪ ತುಂಬುತೋಳಿನ ಅಂಗಿ ಬಿಟ್ಟವನಲ್ಲ. ಆದರೂ ಶಾಲೆಯ ಗೇಟಿನ ಬಳಿ ಒಮ್ಮೆ ತೋಳು ಸರಿದಾಗ ಯಾರೋ ಕಂಡು, ನಿಮ್ಮಪ್ಪನಿಗೆ ಅಂಟುರೋಗ ಅಂದಿದ್ದರು. ಅಂದಿನಿಂದ ರಸ್ತೆ ದಾಟುವಾಗ ಅವಳು ಅಪ್ಪನ ಕೈ ಬಿಟ್ಟು ಅವನ ಚೀಲದ ಹಿಡಿಯನ್ನು ಹಿಡಿದುಕೊಳ್ಳುತ್ತಿದ್ದಳು. ರಸ್ತೆ ಬಂದರೆ ಸಾಕು, ಅಪ್ಪ ಚೀಲವನ್ನು ಅವಳ ಕಡೆಯ ಕೈಗೆ ಬದಲಾಯಿಸಿಕೊಳ್ಳುತ್ತಿದ್ದ.

"ಹುಟ್ಟಿನಿಂದ ಬಂದಿದ್ದು ಅಂತ ಅಪ್ಪ ಹೇಳಿದ್ರು."

ತಾಯಿ ಆ ತೋಳನ್ನು ಮೆಲ್ಲಗೆ ಒರೆಸಿದಳು. "ನಾನು ಮೊದಲು ನೋಡಿದಾಗ ಈ ತೋಳಲ್ಲಿ ಒಂದು ಕಲೆಯೂ ಇರಲಿಲ್ಲ ಪುಟ್ಟಿ."

*

ಮದುವೆಗೆ ಮೊದಲು ತಾಯಿ ಅದೇ ಕಾರ್ಖಾನೆಯಲ್ಲಿ ಬಾಟಲಿಗೆ ದ್ರವ ಸೋಪು ತುಂಬುವ ಕೆಲಸಕ್ಕಿದ್ದಳು. ಚೆಲ್ಲಿದ ಸೋಪು ಕೈಗವಸಿನ ಒಳಗೂ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ಸೀದಾ ಪ್ರಯೋಗಾಲಯಕ್ಕೆ ನುಗ್ಗಿ, ಅಲ್ಲಿದ್ದ ಕೆಮಿಸ್ಟನ ಮೂಗಿನ ಕೆಳಗೆ ಎರಡೂ ಕೈ ಚಾಚಿದಳು.

"ನೋಡಿ ಸಾರ್, ನಿಮ್ಮ ಸೋಪಿನ ಪ್ರತಾಪ."

ಬೆರಳ ಸಂದಿಗಳು ಬಿರಿದು ರಕ್ತ ಜಿನುಗುತ್ತಿತ್ತು. ಅವನು ಸ್ಟೂಲು ಎಳೆದು ಅವಳನ್ನು ಕೂರಿಸಿ, ಆ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, ಯಾಕೆ ಹೀಗಾಗುತ್ತದೆಂದು ಹೇಳಲೇಬೇಕೆಂಬಂತೆ ಶುರುಮಾಡಿದ.

"ಸೋಪಿನ ಒಂದೊಂದು ಕಣಕ್ಕೂ ಒಂದು ತಲೆ, ಒಂದು ಬಾಲ. ತಲೆಗೆ ನೀರು ಅಂದ್ರೆ ಪ್ರಾಣ, ಬಾಲಕ್ಕೆ ಆಗಿಬರಲ್ಲ. ಅದಕ್ಕೇ ಬಾಲಗಳೆಲ್ಲ ಒಳಗೆ, ತಲೆಗಳೆಲ್ಲ ಹೊರಗೆ ಮಾಡ್ಕೊಂಡು ಉಂಡೆ ಕಟ್ಕೊಳ್ತವೆ. ಯಾರೂ ಹೇಳಬೇಕಾಗಿಲ್ಲ, ತಾವಾಗೇ."

"ಸರಿ. ನನ್ನ ಕೈಗೂ ಅದಕ್ಕೂ ಏನು?"

"ತಲೆಗಳ ಮೇಲೆಲ್ಲ ಒಂದೇ ಥರದ ವಿದ್ಯುತ್ತು ಇರುತ್ತೆ. ಅದಕ್ಕೆ ಒಂದನ್ನೊಂದು ದೂಡ್ತವೆ. ಒಂದಷ್ಟು ಗುಂಪಿಗೆ ಸೇರೋದೇ ಇಲ್ಲ. ಹಾಗೆ ಒಂಟಿಯಾಗಿ ಉಳಿದವು ಚರ್ಮದೊಳಗೆ ಇಳೀತವೆ. ಕಚ್ಚೋದು ಅವೇ."

"ಹಾಗಾದ್ರೆ ಅವಕ್ಕೂ ಜೋಡಿ ಹುಡುಕಿ ಮದುವೆ ಮಾಡಿಸಿಬಿಡಿ ಸಾರ್. ನಮ್ಮ ಕೈಯಾದ್ರೂ ಉಳಿಯುತ್ತೆ."

ಅವನ ಕಿವಿ ಕೆಂಪಾಯಿತು. ಆದರೆ ಅವನು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ದೂಡಾಡುವ ತಲೆಗಳ ನಡುವೆ ತೂರಿ ಕೂತು ಸಮಾಧಾನ ಮಾಡುವಂಥ ಇನ್ನೊಂದು ಪದಾರ್ಥಕ್ಕಾಗಿ ವರ್ಷಗಟ್ಟಲೆ ಹುಡುಕಿದ. ಪ್ರತಿ ಸಲವೂ ತನ್ನ ತೋಳಿಗೇ ಹಚ್ಚಿ, ಬಟ್ಟೆ ಕಟ್ಟಿ ಮಲಗಿ, ಬೆಳಿಗ್ಗೆ ಬಿಚ್ಚಿ ನೋಡುತ್ತಿದ್ದ. ಅಷ್ಟರಲ್ಲಿ ಅವರಿಬ್ಬರ ಮದುವೆಯೂ ಆಗಿತ್ತು. ನನ್ನ ಕೈಗೆ ಹಚ್ಚಿ ನೋಡಿ ಎಂದು ಅವಳು ಚಾಚಿದರೆ, "ಆ ಕೈ ಅನುಭವಿಸಿದ್ದು ಸಾಕು," ಎನ್ನುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ತೋಳು ರಾತ್ರಿ ಇದ್ದಂತೆಯೇ ಇತ್ತು, ಹೊಸ ಗುಳ್ಳೆ ಎದ್ದಿರಲಿಲ್ಲ. ಬಾಟಲಿ ಹಿಡಿದು ಮ್ಯಾನೇಜರ್ ಹತ್ತಿರ ಓಡಿದ. ಮ್ಯಾನೇಜರ್ ಅದನ್ನು ಕುಲುಕಿ ಬೆಳಕಿಗೆ ಹಿಡಿದರು.

"ನೊರೆ ಎಲ್ಲಪ್ಪಾ? ನೊರೆ ಕಾಣದಿದ್ರೆ ಜನ ಇದನ್ನ ಸೋಪು ಅಂತಲೇ ನಂಬಲ್ಲ."

ಅಲ್ಲಿಗೆ ಮುಗಿಯಿತು. ಆ ರಾತ್ರಿ ಅವನು ಊಟ ಮಾಡಲಿಲ್ಲ. ಆದರೆ ಭಾನುವಾರ ಬೆಳಿಗ್ಗೆ ಅವಳು ಎದ್ದು ನೋಡಿದರೆ, ಅಡುಗೆಮನೆಯ ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದ. ಆಮೇಲೆ ಯಾವ ಭಾನುವಾರವೂ ಆ ಪಾತ್ರೆಯಲ್ಲಿ ಅಡುಗೆಯಾಗಲಿಲ್ಲ. ಹೊಸದೇನು ಬೆರೆಸಿದರೂ ಮೊದಲು ತನ್ನ ತೋಳಿಗೇ ಹಚ್ಚಿ ನೋಡುವುದನ್ನೂ ಅವನು ಬಿಡಲಿಲ್ಲ.

*

ಮುಂದಿನ ಕೋಣೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನಿವೃತ್ತರಾಗಿದ್ದ ಮ್ಯಾನೇಜರ್ ಕೋಲೂರಿಕೊಂಡು ಬಂದು ಕೂತಿದ್ದರು.

"ಬಂಗಾರದಂಥ ಮನುಷ್ಯ," ಎಂದರು ಪಕ್ಕದವರಿಗೆ. "ಒಂದು ದಿನ ಎದುರು ಮಾತಾಡಿದವನಲ್ಲ."

ಬಾಟಲಿ ತುಂಬುವ ಹೆಂಗಸರು ಪಾಳಿ ಬಿಟ್ಟು ಒಟ್ಟಿಗೇ ಬಂದರು. ಅವನು ಅವರ ಬಾಯಲ್ಲಿ 'ಗುಳ್ಳೆ ಸಾರ್'. ಆ ಹೆಸರು ಸೋಪಿನ ಗುಳ್ಳೆಯಿಂದ ಬಂತೋ ಕೈಮೇಲೆ ಏಳುವ ಗುಳ್ಳೆಯಿಂದಲೋ ಯಾರಿಗೂ ನೆನಪಿರಲಿಲ್ಲ. ಹಿರಿಯಳೊಬ್ಬಳು ಅವನ ಹೆಂಡತಿಯ ಪಕ್ಕ ಬಂದು ಕೂತಳು.

"ಅಕ್ಕಾ, ಕೇಳೋ ಹೊತ್ತಲ್ಲ ಇದು. ಸೋಮವಾರ ಸೋಮವಾರ ಕೈ ತೊಳೆಯೋಕೆ ಸಾರ್ ತಾವು ಮಾಡಿದ ಸೋಪಿನ ಬಾಟಲಿ ತಂದುಕೊಡ್ತಿದ್ರು. ನಮ್ಮ ಕೈ ಉಳಿದಿದ್ದೇ ಅದರಿಂದ. ಇನ್ನು ಯಾರು ಮಾಡ್ತಾರೆ?"

"ಗೊತ್ತಿಲ್ಲಮ್ಮ."

"ನೀವು ಜೊತೇಲೇ ಇರ್ತಿದ್ರಲ್ಲ. ಎಲ್ಲಾದ್ರೂ ಬರೆದಿಟ್ಟಿದ್ದಾರಾ?"

"ಬರೆಯೋರಲ್ಲ. ಆ ಎರಡನೇ ಪದಾರ್ಥದ ಹೆಸರೂ ನನಗೆ ಬರಲ್ಲ. ಕೊನೆಗೆ ಉಪ್ಪು ಹಾಕ್ತಿದ್ರು, ಅಷ್ಟು ಗೊತ್ತು. ಉಪ್ಪು ಕಮ್ಮಿಯಾದ್ರೂ ಸೋಪು ನೀರಾಗುತ್ತೆ, ಜಾಸ್ತಿಯಾದ್ರೂ ನೀರಾಗುತ್ತೆ. ಸೌಟು ತಿರುಗಿಸ್ತಾ ತಿರುಗಿಸ್ತಾ ಕೈಗೆ ಭಾರ ಬಂದ ಕೂಡಲೇ ನಿಲ್ಲಿಸೋರು. ಬಾ, ನೀನೂ ಒಂದು ಸಲ ತಿರುಗಿಸಿ ನೋಡು ಅಂತ ಎಷ್ಟು ಸಲ ಕರೆದ್ರು. ಇದೊಂದು ಹುಚ್ಚು ನಿಮಗೆ ಅಂತ ನಾನು ನಗ್ತಿದ್ದೆ."

ಮ್ಯಾನೇಜರ್ ಕತ್ತು ಮುಂದೆ ಚಾಚಿದರು. "ಏನಮ್ಮಾ, ಯಾವುದರ ಮಾತು?"

"ಅದೇ ಸಾರ್," ಎಂದಳು ಹಿರಿಯಳು, "ನೊರೆ ಬರದೇ ಇರೋದು."

ಮ್ಯಾನೇಜರ್ ಮತ್ತೆ ಕುರ್ಚಿಗೆ ಒರಗಿದರು. ಮಗಳು ಬಾಗಿಲಲ್ಲೇ ನಿಂತು ಹೆಂಗಸರ ಕೈಗಳನ್ನು ನೋಡುತ್ತಿದ್ದಳು. ಮಡಿಲಲ್ಲಿ, ಮೊಣಕಾಲ ಮೇಲೆ, ಒಂದರ ಮೇಲೊಂದು ಇಟ್ಟ, ಬಿರುಕಿಲ್ಲದ ಕೈಗಳು. ಒಳಗೆ ಹೋಗಿ, ದೇಹಕ್ಕೆ ಬಟ್ಟೆ ಮುಚ್ಚುವ ಮೊದಲು ಅಪ್ಪನ ತೋಳಿನ ಮೇಲೆ ಕೆನ್ನೆಯಿಟ್ಟಳು. ಅಕ್ಕ ಬಂದು ಹೆಗಲು ಹಿಡಿದು ಎಬ್ಬಿಸಬೇಕಾಯಿತು.

*

ಮಣ್ಣು ಮಾಡಿ ಮುಗಿಯುವಾಗ ಸಂಜೆಯಾಗಿತ್ತು. ಅಕ್ಕ ಕಾರಿನ ಬಾಗಿಲು ತೆರೆದು ಕರೆದರು. ತಾಯಿ ತಲೆ ಅಲ್ಲಾಡಿಸಿದಳು.

"ಬೇಡ ಅತ್ತಿಗೆ. ಕಾರಲ್ಲಿ ಎಲ್ಲರೂ ಸಮಾಧಾನ ಹೇಳ್ತಾರೆ. ನಾವಿಬ್ಬರೂ ಬಸ್ಸಲ್ಲಿ ಬರ್ತೀವಿ."

ಬಸ್ಸಿನಲ್ಲಿ ಕೆಲಸ ಬಿಟ್ಟು ಮನೆಗೆ ಹೋಗುವವರು ತುಂಬಿದ್ದರು. ತಾಯಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎರಡು ತಿರುವು ದಾಟುವಷ್ಟರಲ್ಲಿ ಅವಳ ತಲೆ ವಾಲಿ ಮಗಳ ಹೆಗಲಿಗೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಮಗುವಿನಂತೆ ಸಣ್ಣಗೆ ಸದ್ದು ಮಾಡುತ್ತಿತ್ತು.

ಅವರ ನಿಲ್ದಾಣ ಬಂತು. ಕಂಡಕ್ಟರ್ ಇವರತ್ತ ನೋಡಿದ. ಮಗಳು ಹೆಗಲು ಅಲುಗಾಡದಂತೆ, ಬೇಡ ಎಂದು ಕೈಸನ್ನೆ ಮಾಡಿದಳು. ಅವನು ಸೀಟಿ ಊದಲಿಲ್ಲ. ಬಸ್ಸಿನ ಬದಿಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ. ಬಸ್ಸು ಹೊರಟಿತು. ಅವರ ಬೀದಿ ಕಿಟಕಿಯ ಆಚೆ ನಿಧಾನವಾಗಿ ಹಿಂದೆ ಸರಿಯಿತು.