ವಿನಾಯಿತಿಯವರ ಕೋಣೆ

ಪುಟ್ಟಿಗೆ ಅವರು ದೊಡ್ಡಮ್ಮ. ನರ್ಸಿಂಗ್ ಕಾಲೇಜಿನ ಉಳಿದ ಹುಡುಗಿಯರಿಗೆಲ್ಲ ಮೇಡಂ. ಲಸಿಕೆ ಹಾಕಿಸಿಕೊಳ್ಳದವರು ನನ್ನ ವಾರ್ಡಿನ ಹೊಸ್ತಿಲು ತುಳಿಯಬಾರದು ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಗುಡುಗುತ್ತಿದ್ದ ಹೆಂಗಸು. ಆದರೆ ಊರಿಗೆಲ್ಲ ಬುದ್ಧಿ ಹೇಳುವವರಿಗೂ ಒಬ್ಬಳು ತಂಗಿ, ಆ ತಂಗಿಗೊಬ್ಬಳು ಮಗಳು ಇರುತ್ತಾಳಲ್ಲ, ಎಡವುವುದು ಅಲ್ಲೇ.

ಪುಟ್ಟಿಗೆ ಸೂಜಿಯೆಂದರೆ ಜೀವ ಹೋಗುತ್ತಿತ್ತು. ಪರರಿಗೆ ಚುಚ್ಚುವುದನ್ನು ಕಲಿಯಲು ಬಂದವಳು, ತನಗೆ ಚುಚ್ಚಿಸಿಕೊಳ್ಳುವಾಗ ಇಡೀ ತರಗತಿಯ ಎದುರು ಕಣ್ಣು ತೇಲಿಸಿ ಬಿದ್ದಿದ್ದಳು. ಗೆಳತಿಯರಿಗೆ ನಗಲು ಅಷ್ಟು ಸಾಕಾಯಿತು. ಇನ್ನು ಚಿಕನ್‌ಪಾಕ್ಸ್ ಲಸಿಕೆಯೊಂದು ಬಾಕಿ ಇತ್ತು. ಅದನ್ನು ಹಾಕಿಸುವುದಾದರೆ ಕಾಲೇಜನ್ನೇ ಬಿಡುತ್ತೇನೆ ಎಂದು ಪುಟ್ಟಿ ಮನೆಯಲ್ಲಿ ಹಟ ಹಿಡಿದು ಕೂತಳು.

“ಅಕ್ಕ, ಒಂದು ಸೂಜಿಗೋಸ್ಕರ ಅವಳ ಓದು ಹಾಳಾಗ್ಬೇಕಾ? ನೀನು ಒಂದು ಮಾತು ಹೇಳಿದ್ರೆ ಸಾಕು,” ಎಂದು ತಂಗಿ ಫೋನಿನಲ್ಲಿ ಅತ್ತಳು.

ಅಕ್ಕ ಹೇಳಿದರು. ಚಿಕ್ಕಂದಿನಲ್ಲಿ ಪುಟ್ಟಿಗೆ ಇದೇ ಲಸಿಕೆಯಿಂದ ಮೈಯೆಲ್ಲ ಊದಿ ಉಸಿರು ಕಟ್ಟಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ ಎಂದು ಕಾಲೇಜಿನ ಡಾಕ್ಟರಿಗೆ ಹೇಳಿದರು. ಅದುವರೆಗೆ ಒಂದು ಹನಿ ಔಷಧಿಯ ವಿಷಯದಲ್ಲೂ ಸುಳ್ಳಾಡದ ಬಾಯಿ. ಡಾಕ್ಟರು ಮರುಪ್ರಶ್ನೆ ಹಾಕದೆ ವಿನಾಯಿತಿ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರಾರು?

ವಿನಾಯಿತಿ ಪಡೆದವರನ್ನು ರೋಗಿಗಳ ಹತ್ತಿರ ಬಿಡುವಂತಿಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ ಕತ್ತರಿ, ಇಕ್ಕಳಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ಆವಿಯಲ್ಲಿ ಬೇಯಿಸುವ ಒಂದು ಕೋಣೆಯಿತ್ತು. ಅವರ ತರಬೇತಿ ಅಲ್ಲಿ. ಆ ಕೋಣೆಯಲ್ಲಿ ಆಗಲೇ ಒಬ್ಬಳಿದ್ದಳು. ಸಣ್ಣ ಮೈಕಟ್ಟಿನ ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅಪ್ಪ ಕೊಟ್ಟ ಕಿಡ್ನಿಯಿಂದ ಬದುಕಿದ್ದ ಹುಡುಗಿ. ಆ ಕಿಡ್ನಿ ಉಳಿಯಲೆಂದು ಅವಳು ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತಿದ್ದವು. ಜೀವಂತ ರೋಗಾಣುವಿರುವ ಈ ಲಸಿಕೆಯನ್ನು ಅವಳಿಗೆ ಕೊಡುವಂತೆಯೇ ಇರಲಿಲ್ಲ. ವಿನಾಯಿತಿ ಅನ್ನುವುದು ಹುಟ್ಟಿದ್ದೇ ಇಂಥವರಿಗಾಗಿ. ಸುತ್ತಲಿನವರು ಹಾಕಿಸಿಕೊಂಡರೆ ಅದೇ ಅವಳಿಗೆ ಕಾವಲು.

ಯಾರನ್ನು ಎಲ್ಲಿಗೆ ಹಾಕಬೇಕೆಂದು ತೀರ್ಮಾನಿಸುವವರು ದೊಡ್ಡಮ್ಮನೇ. ಪುಟ್ಟಿಯನ್ನು ಕರೆದೊಯ್ದು ಗುಬ್ಬಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ರೋಗಿಗಳಿಂದ ಇಬ್ಬರನ್ನೂ ದೂರವಿಟ್ಟೆನೆಂದು ನೆಮ್ಮದಿಯಾದರು. ಇಬ್ಬರನ್ನೂ ಪರಸ್ಪರ ದೂರವಿಡಬೇಕಿತ್ತು ಎನ್ನುವುದು, ವರ್ಷಗಟ್ಟಲೆ ಸೋಂಕಿನ ಪಾಠ ಮಾಡಿದ ಆ ತಲೆಗೆ ಹೊಳೆಯಲೇ ಇಲ್ಲ. ಹೇಳಿದ ಸುಳ್ಳನ್ನು ತಾವೇ ನಂಬಿಬಿಟ್ಟಿದ್ದರೋ ಏನೋ.

ಹುಡುಗಿಯರಿಬ್ಬರೂ ಬೇಗ ಒಂದಾದರು. ಗಂಟು ಬಿಚ್ಚುವವರ ಕೈ ಒಳಗೆ ತಾಗದಂತೆ ಬಟ್ಟೆಯ ತುದಿಯನ್ನು ಕಿವಿಯ ಹಾಗೆ ಹೊರಗೆ ಬಿಟ್ಟು ಮಡಚುವುದನ್ನು ಗುಬ್ಬಿ ಕಲಿಸಿದಳು. “ಸೂಜಿ ನಂಗೆ ನೆಂಟ ಕಣೇ, ತಿಂಗಳು ತಿಂಗಳು ಬಂದು ರಕ್ತ ಕುಡ್ಕೊಂಡು ಹೋಗ್ತಾನೆ,” ಎಂದು ಅವಳು ನಗುವಾಗ ಪುಟ್ಟಿ ತಲೆ ತಗ್ಗಿಸಿ ಕತ್ತರಿ ಒರೆಸುತ್ತಿದ್ದಳು.

ಪಕ್ಕದ ಮನೆಯ ಮಗುವಿನಿಂದ ಪುಟ್ಟಿಗೆ ಚಿಕನ್‌ಪಾಕ್ಸ್ ಅಂಟಿತು. ಮೊದಲು ಬರೀ ತಲೆನೋವು ಎಂದು ಕೆಲಸಕ್ಕೆ ಬಂದಳು. ಮಾರನೆಯ ದಿನ ಮೈಮೇಲೆ ನೀರುಗುಳ್ಳೆ. ಸುದ್ದಿ ಕೇಳಿದ ತಕ್ಷಣ ದೊಡ್ಡಮ್ಮ ಎದ್ದು ಬಿದ್ದು ಓಡಿ, ಗುಬ್ಬಿಗೆ ಲಸಿಕೆಯ ಬದಲಿಗೆ ಕೊಡುವ ರಕ್ಷಣೆಯ ಚುಚ್ಚುಮದ್ದು ಕೊಡಿಸಿದರು. ಅದು ಸಾಲಲಿಲ್ಲ. ಪುಟ್ಟಿ ಚೇತರಿಸಿಕೊಂಡು, “ಮುಖದ ಮೇಲೆ ಕಲೆ ಉಳಿಯುತ್ತಾ ದೊಡ್ಡಮ್ಮ?” ಎಂದು ಕೇಳುವ ಹೊತ್ತಿಗೆ ಗುಬ್ಬಿ ಜ್ವರದಲ್ಲಿ ಬೇಯುತ್ತ ಪ್ರತ್ಯೇಕ ಕೋಣೆ ಸೇರಿದ್ದಳು. ರೋಗ ತಗ್ಗಬೇಕಾದರೆ ಆ ಮಾತ್ರೆಗಳನ್ನು ಕಡಿಮೆ ಮಾಡಬೇಕು, ಮಾಡಿದರೆ ಕಿಡ್ನಿಗೆ ಕುತ್ತು.

“ಪಾಪ, ಇಬ್ರಿಗೂ ವಿನಾಯಿತಿ ಇತ್ತು. ಯಾರನ್ನೂ ದೂರೋ ಹಾಗಿಲ್ಲ,” ಎಂದರು ಪ್ರಿನ್ಸಿಪಾಲರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಇಲ್ಲಿ ಯಾರೂ ಕಳ್ಳ ಎನ್ನಲೇ ಇಲ್ಲ, ಆದರೂ ದೊಡ್ಡಮ್ಮನ ಕೈ ಹೆಗಲ ಮೇಲೇ ಇತ್ತು. ಊಟ ಸೇರದಾಯಿತು. ನಾನು ಮಾಡಿದ್ದು ಪಾಪ, ಬೇರೆ ಹೆಸರಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಹೇಳಬೇಕಾದವರಿಗೆ ಹೇಳಲಿಲ್ಲ.

ಗುಬ್ಬಿಯನ್ನು ನೋಡಲು ಹೋದಾಗ ಅವಳ ಅಪ್ಪ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದ. “ಮೇಡಂ, ನಾನು ಕೊಟ್ಟಿದ್ದು ಉಳಿಯುತ್ತಾ?” ಎಂದು ಕೇಳಿದ. ದೊಡ್ಡಮ್ಮ ಗೌನು, ಕೈಗವಸು ಹಾಕಿಕೊಂಡು ಒಳಗೆ ಹೋದರು.

ಗುಬ್ಬಿಯ ತುಟಿಯ ಮೇಲೂ ಗುಳ್ಳೆಗಳೆದ್ದಿದ್ದವು. “ಪುಟ್ಟಿ ಹೇಗಿದ್ದಾಳೆ ಮೇಡಂ? ಅವಳನ್ನ ಬೈಬೇಡಿ. ಅವಳಾದ್ರೂ ಏನ್ ಮಾಡ್ತಾಳೆ, ನನ್ನ ಥರಾನೇ, ಹಾಕಿಸ್ಕೊಳ್ಳೋ ಹಾಗಿಲ್ವಲ್ಲ.”

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟು ಸುಲಭದ ಹೂಂ ದೊಡ್ಡಮ್ಮನ ಬಾಯಿಂದ ಹೊರಡಲಿಲ್ಲ.

“ಹಾಕಿಸ್ಕೋಬಹುದಿತ್ತು ಕಣಮ್ಮ. ಅವಳಿಗೆ ಸೂಜಿ ಭಯ, ಅಷ್ಟೆ. ಡಾಕ್ಟರ ಹತ್ರ ಸುಳ್ಳು ಹೇಳಿದ್ದು ನಾನು. ನಿನ್ನ ಪಕ್ಕ ತಂದು ಕೂರಿಸಿದ್ದೂ ನಾನೇ.”

ಗುಬ್ಬಿ ಹೊದಿಕೆಯ ಅಂಚನ್ನು ಮಡಚುತ್ತ, ತುದಿಯನ್ನು ಕಿವಿಯ ಹಾಗೆ ಹೊರಗೆ ಬಿಟ್ಟಳು. ಮತ್ತೆ ಬಿಚ್ಚಿದಳು.

“ಅವಳು ಆ ಕೋಣೆಗೆ ಬಂದ ದಿನ ಮನೆಗೆ ಹೋಗಿ ಅಪ್ಪಂಗೆ ಹೇಳಿದ್ದೆ ಮೇಡಂ, ನನ್ನ ಥರದವಳು ಇನ್ನೊಬ್ಳು ಸಿಕ್ಕಿದ್ಳು ಅಂತ.”

ದೊಡ್ಡಮ್ಮ ಕೈ ಚಾಚಿದರು. ಗುಬ್ಬಿ ತನ್ನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

“ಅಪ್ಪಂಗೆ ನೀವೇ ಹೇಳ್ಬಿಡಿ. ನನ್ನ ಕೈಲಾಗಲ್ಲ.”

ದೊಡ್ಡಮ್ಮ ಗೌನು ಕಳಚಿ, ತಾವೇ ಹುಡುಗಿಯರಿಗೆ ಕಲಿಸಿದಂತೆ ಬೆರಳ ಸಂದಿಯಿಂದ ಮೊಣಕೈವರೆಗೆ ಕೈ ತೊಳೆದರು. ಮತ್ತೊಮ್ಮೆ ತೊಳೆದರು. ಬಾಗಿಲು ತೆಗೆದಾಗ ಗುಬ್ಬಿಯ ಅಪ್ಪ ಗೌರವದಿಂದ ಎದ್ದು ನಿಂತು, ಅವರು ಕೂರಲೆಂದು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ.